ಹತ್ತು ಸೀಟು, ಮೂವತ್ತು ವಿದ್ಯಾರ್ಥಿಗಳು

ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿಯಂಥ ಊರಿನಿಂದ ಬಸ್ ಹತ್ತಿ ಶಿಗ್ಗಾವಿಗೋ ಸವಣೂರಿಗೋ ಹುಬ್ಬಳ್ಳಿಗೋ ಓದಲು ಹೋಗುವ ಹುಡುಗಿಗೆ ಇವತ್ತು ಕಾಲೇಜಿನ ಲ್ಯಾಬಿನಲ್ಲಿ ಕಂಪ್ಯೂಟರ್ ಸಿಗುವುದು ಕಷ್ಟವಲ್ಲ. ಅದರೊಳಗೆ ಇರಬೇಕಾದ ತಂತ್ರಾಂಶ ಸಿಗುತ್ತದೆಯೇ ಎಂಬುದು ಬೇರೆ ಮಾತು. ತರಗತಿಯಲ್ಲಿ ಮೂವತ್ತು ಜನ, ಕಾಲೇಜು ಕೊಂಡದ್ದು ಹತ್ತು ಲೈಸನ್ಸ್. ಹನ್ನೊಂದನೆಯವಳು ಐಕಾನ್ ಒತ್ತಿದಾಗ, ಎಲ್ಲ ಲೈಸನ್ಸ್‌ಗಳೂ ಬಳಕೆಯಲ್ಲಿವೆ ಎಂಬ ಸಂದೇಶ ತೆರೆಯ ಮೇಲೆ ಬರುತ್ತದೆ. ಅವಳು ಗೆಳತಿಯ ಕುರ್ಚಿಯ ಹಿಂದೆ ನಿಂತು ನೋಡುತ್ತಾಳೆ. ಪ್ರಾಕ್ಟಿಕಲ್ ಅವಧಿ ಮುಗಿಯುತ್ತದೆ, ಊರಿನ ಬಸ್ಸಿಗೆ ಹೊತ್ತಾಗುತ್ತದೆ. ರೆಕಾರ್ಡ್ ಪುಸ್ತಕದಲ್ಲಿ ಪ್ರಯೋಗ ಬರೆದಿರುತ್ತದೆ, ಕೈಗೆ ಮಾತ್ರ ಬಂದಿರುವುದಿಲ್ಲ.

ಒಂದೇ ಜಾಲದಲ್ಲಿ ಕೂತ ಹಲವರು ಕೆಲವೇ ಲೈಸನ್ಸ್‌ಗಳನ್ನು ಹಂಚಿಕೊಂಡು ಬಳಸುವ ಈ ಏರ್ಪಾಡನ್ನು ಲ್ಯಾಬ್ ನೋಡಿಕೊಳ್ಳುವವರಿಗೆ ಸೇರಿದ ವಿಷಯವೆಂದು ಬಿಟ್ಟು ಉಳಿದವರು ಸುಮ್ಮನಾಗುತ್ತಾರೆ. ಹಾಗೆ ಬಿಡಬಾರದು. ಯಾರಿಗೆ ಮೊದಲು, ಯಾರಿಗೆ ಆಮೇಲೆ, ಯಾರಿಗೆ ಇಲ್ಲವೇ ಇಲ್ಲ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಹಾವೇರಿ ಜಿಲ್ಲೆಯ ಮಟ್ಟಿಗೇ ನೋಡಿದರೂ ಡಿಟಿಪಿ ಅಂಗಡಿ, ಬ್ಯಾಡಗಿಯ ಮೆಣಸಿನಕಾಯಿ ಪೇಟೆ, ಶಾಲೆಯ ಲ್ಯಾಬು, ಕಾಲೇಜಿನ ಗ್ರಂಥಾಲಯ, ಸಹಕಾರಿ ಸಂಘ ಎಲ್ಲ ಕಡೆ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಎದುರಾಗುತ್ತದೆ. ಇವನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ ನನಗೆ ಎದ್ದು ಕಾಣುವ ಸಂಗತಿ ಒಂದೇ. ಸಣ್ಣ ಸಂಸ್ಥೆ ಒಂಟಿಯಾಗಿ ಕೊಳ್ಳಲು ಹೋದಾಗ ಹೆಚ್ಚು ಹಣ ಕೊಟ್ಟು ಕಡಿಮೆ ತರುತ್ತದೆ. ಹಲವು ಸಂಸ್ಥೆಗಳು ಕೂಡಿ ಕೊಂಡಾಗ, ಇಲ್ಲವೇ ಲೈಸನ್ಸ್ ಎಣಿಕೆಯ ಗೊಡವೆಯೇ ಇಲ್ಲದ ತಂತ್ರಾಂಶ ಆರಿಸಿಕೊಂಡಾಗ ಕೊನೆಯ ಬೆಂಚಿನವರೆಗೂ ಪಾಲು ಮುಟ್ಟುತ್ತದೆ.

ಮೊದಲು, ಲೈಸನ್ಸ್ ಕೊಂಡವರು ಕೊಂಡದ್ದಾದರೂ ಏನು? ಈ ಪ್ರಶ್ನೆ ಕರ್ನಾಟಕದ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೂ ಹೋಗಿ ಬಂದಿದೆ. ವಿದೇಶಿ ಕಂಪನಿಗೆ ತಂತ್ರಾಂಶಕ್ಕಾಗಿ ಕೊಡುವ ಹಣ ಕೃತಿಸ್ವಾಮ್ಯದ ರಾಯಲ್ಟಿ, ಆದ್ದರಿಂದ ಅದರಲ್ಲಿ ತೆರಿಗೆ ಹಿಡಿಯಬೇಕು ಎಂದು ಹೈಕೋರ್ಟ್ 2011ರ ಅಕ್ಟೋಬರಿನಲ್ಲಿ ಸ್ಯಾಮ್‌ಸಂಗ್ ಪ್ರಕರಣದಲ್ಲಿ ಹೇಳಿತ್ತು. ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಪ್ರಕರಣದಲ್ಲಿ 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟ್ ಆ ನಿಲುವನ್ನು ತಳ್ಳಿಹಾಕಿತು. ಕೊಂಡವರಿಗೆ ಕೃತಿಸ್ವಾಮ್ಯದ ಯಾವ ಹಕ್ಕೂ ಬರುವುದಿಲ್ಲ, ಕರಾರಿನಲ್ಲಿ ಹೇಳಿದಷ್ಟು ಮಟ್ಟಿಗೆ ಬಳಸುವ ಅನುಮತಿ ಮಾತ್ರ ಸಿಗುತ್ತದೆ ಎಂಬುದು ಆ ತೀರ್ಪಿನ ತಿರುಳು. ವಾದ ನಡೆದದ್ದು ತೆರಿಗೆಗಾಗಿ. ಆದರೆ ಕಾಲೇಜಿನ ಪ್ರಾಚಾರ್ಯರಿಗೂ ಅದರಲ್ಲಿ ತಿಳಿಯಬೇಕಾದದ್ದಿದೆ. ಕಪಾಟಿನಲ್ಲಿರುವ ಡಬ್ಬಿಯೋ ಡಿಸ್ಕೋ ಆಸ್ತಿಯಲ್ಲ, ಆ ಕರಾರು ಪತ್ರವೇ ಆಸ್ತಿ. ಅದನ್ನು ಓದದೆ ಸಹಿ ಹಾಕಿದವರಿಗೆ ತಮ್ಮಲ್ಲಿ ಏನಿದೆ ಎಂಬುದೇ ತಿಳಿದಿರುವುದಿಲ್ಲ.

ಕರಾರು ಮೀರಿದರೆ ಶಿಕ್ಷೆಯೂ ಸಣ್ಣದಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ ಕಳ್ಳಪ್ರತಿ ಎಂದು ಗೊತ್ತಿದ್ದೂ ತಂತ್ರಾಂಶ ಬಳಸಿದವರಿಗೆ 7 ದಿನಕ್ಕೆ ಕಡಿಮೆಯಿಲ್ಲದ, 3 ವರ್ಷದವರೆಗಿನ ಸೆರೆಯೂ ₹50,000ದಿಂದ ₹2 ಲಕ್ಷದವರೆಗಿನ ದಂಡವೂ ಆಗಬಹುದು. ವ್ಯಾಪಾರದ ಲಾಭಕ್ಕೆ ಬಳಸದಿದ್ದರೆ ಸೆರೆ ಬಿಟ್ಟು ದಂಡವನ್ನಷ್ಟೇ ಹಾಕುವ ವಿವೇಚನೆ ನ್ಯಾಯಾಲಯಕ್ಕಿದೆ. ನಮ್ಮ ಸಣ್ಣ ಊರುಗಳಲ್ಲಿ ಈ ಕಲಮು ಯಾರ ನೆನಪಿನಲ್ಲೂ ಇಲ್ಲ. ಕಂಪ್ಯೂಟರ್ ಜೋಡಿಸಿಕೊಟ್ಟ ಹುಡುಗ ತನ್ನ ಪೆನ್‌ಡ್ರೈವ್‌ನಲ್ಲಿದ್ದದ್ದನ್ನೆಲ್ಲ ತುಂಬಿ ಹೋಗುತ್ತಾನೆ. ಸಂಸ್ಥೆಯ ಮುಖ್ಯಸ್ಥರು ಬಿಲ್ಲಿಗೆ ಸಹಿ ಹಾಕುತ್ತಾರೆ. ನಾಳೆ ತೊಂದರೆಯಾದರೆ ಉತ್ತರ ಹೇಳಬೇಕಾದವರು ಸಹಿ ಹಾಕಿದವರೇ.

ಕನ್ನಡಿಗರಿಗೆ ಈ ಎಣಿಕೆಯ ಬಿಸಿ ಮೊದಲು ತಟ್ಟಿದ್ದು ಕಾಲೇಜಿನಲ್ಲಲ್ಲ, ಅಚ್ಚಿನ ಮನೆಯಲ್ಲಿ. ಮೊಳೆ ಜೋಡಿಸುವ ಕಾಲ ಮುಗಿದು ಡಿಟಿಪಿ ಬಂದಾಗ ಕನ್ನಡ ಅಕ್ಷರಕ್ಕೆ ಶ್ರೀಲಿಪಿ, ಆಕೃತಿ, ಪ್ರಕಾಶಕ್, ಸಿಡ್ಯಾಕ್‌ನ ಐಎಸ್‌ಎಂ ಮೊದಲಾದ ಪ್ಯಾಕೇಜುಗಳು ಬಂದವು. ಇಂಥವುಗಳ ಜೊತೆಗೆ ಒಂದು ಡಾಂಗಲ್ ಬರುತ್ತಿತ್ತು. ಅಂಗಡಿಯವರು ಅದನ್ನು ‘ಲಾಕ್’ ಎಂದೂ ಕರೆಯುತ್ತಿದ್ದರು. ಮೊದಮೊದಲು ಪ್ರಿಂಟರಿನ ಪೋರ್ಟಿಗೆ ಸಿಕ್ಕಿಸಿ, ಪ್ರಿಂಟರಿನ ಕೇಬಲನ್ನು ಅದರ ಬೆನ್ನಿಗೆ ಹಾಕುವ ಬೆರಳುದ್ದದ ಪೆಟ್ಟಿಗೆ ಅದು. ಆಮೇಲೆ ಯುಎಸ್‌ಬಿ ರೂಪ ಬಂತು. ಲಾಕ್ ಇಲ್ಲದಿದ್ದರೆ ಅಕ್ಷರ ಮೂಡುತ್ತಿರಲಿಲ್ಲ. ಮೂರು ಕಂಪ್ಯೂಟರ್ ಇದ್ದ ಅಂಗಡಿಯಲ್ಲಿ ಲಾಕ್ ಒಂದೇ ಇದ್ದರೆ ಲಗ್ನಪತ್ರಿಕೆಯ ಕಾಲದಲ್ಲಿ ಅದು ಯಂತ್ರದಿಂದ ಯಂತ್ರಕ್ಕೆ ತಿರುಗುತ್ತಿತ್ತು. ಒಬ್ಬರು ಕನ್ನಡ ಟೈಪ್ ಮಾಡುತ್ತಿದ್ದಾಗ ಇನ್ನೊಬ್ಬರು ಫೋಟೋ ಕತ್ತರಿಸುತ್ತ ಕಾಯಬೇಕು. ಸಂಜೆ ಮಾಲೀಕರು ಲಾಕ್ ಬಿಚ್ಚಿ ಗಲ್ಲಾಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು, ಕಳೆದರೆ ಹೊಸದಾಗಿ ಪ್ಯಾಕೇಜು ಕೊಂಡಷ್ಟೇ ಖರ್ಚು ಎಂಬ ಹೆದರಿಕೆಯಿಂದ. ಹಂಚಿಕೊಂಡು ಬಳಸುವ ಲೈಸನ್ಸ್ ಎಂದರೇನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ಜಾಲದ ಮೇಲೆ ಲೈಸನ್ಸ್ ಸರ್ವರ್ ಮಾಡುವುದೂ ಇದನ್ನೇ, ಕೈ ಬದಲಾಗುವುದು ಕಣ್ಣಿಗೆ ಕಾಣುವುದಿಲ್ಲ ಅಷ್ಟೇ.

ಆ ಕಟ್ಟಿನಿಂದ ಕನ್ನಡವನ್ನು ಬಿಡಿಸಿದವರನ್ನು ಇಲ್ಲಿ ನೆನೆಯಬೇಕು. ಶೇಷಾದ್ರಿವಾಸು 1998ರಲ್ಲಿ ಕನ್ನಡ ಬರೆಯುವ ತಂತ್ರಾಂಶ ‘ಬರಹ’ವನ್ನು ಹೊರತಂದರು, ಮುಂದೆ ಹಲವು ವರ್ಷ ಅದು ಉಚಿತವಾಗಿಯೇ ಸಿಕ್ಕಿತು. ಕನ್ನಡ ಗಣಕ ಪರಿಷತ್ತು ಸರ್ಕಾರದ ನೆರವಿನಿಂದ ‘ನುಡಿ’ಯನ್ನು ಕೊಟ್ಟಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಅದರ ಮೂಲಕ ಕಚೇರಿ ಕಚೇರಿಗೆ ಹೋಯಿತು. ತಾಲೂಕು ಕಚೇರಿಯ ಗುಮಾಸ್ತರೂ ಶಾಲೆಯ ಮಾಸ್ತರರೂ ಎಷ್ಟು ಯಂತ್ರಕ್ಕೆ ಬೇಕೋ ಅಷ್ಟಕ್ಕೆ ಹಾಕಿಕೊಳ್ಳಬಹುದಾಯಿತು. ನಂತರ ಯೂನಿಕೋಡ್ ಬಂದು ಅಕ್ಷರಕ್ಕೆ ಲೈಸನ್ಸ್ ಲೆಕ್ಕ ಹಾಕುವುದೇ ಅಸಂಗತವೆನಿಸಿತು. ಅಚ್ಚಿನ ಮನೆಗಳಲ್ಲಿ ಹಳೆಯ ಪ್ಯಾಕೇಜುಗಳು ಇನ್ನೂ ನಡೆಯುತ್ತಿವೆ, ಅವುಗಳ ಅಕ್ಷರಗಳು ಚೆಂದ, ಪುಟ ಕಟ್ಟುವ ಸೌಕರ್ಯವೂ ಇದೆ. ಆದರೆ ಸಾರ್ವಜನಿಕರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದ ತಂತ್ರಾಂಶ ಎಣಿಕೆಯಿಂದ ಹೊರಬಂದರೆ ಏನಾಗುತ್ತದೆಂಬುದನ್ನು ನಾವು ಒಮ್ಮೆ ಕಂಡಿದ್ದೇವೆ. ಕನ್ನಡದಲ್ಲಿ ಬರೆಯುವವರ ಸಂಖ್ಯೆ ಬೆಳೆದದ್ದು ಆಮೇಲೆಯೇ.

ಈಗ ಲೈಸನ್ಸ್‌ಗಳ ಬಗೆಗಳು. ಒಂದೇ ಯಂತ್ರಕ್ಕೆ ಕಟ್ಟಿಹಾಕಿದ್ದು ಒಂದು. ಹೆಸರಿಟ್ಟ ವ್ಯಕ್ತಿಗೆ ಕೊಟ್ಟದ್ದು ಇನ್ನೊಂದು. ಏಕಕಾಲಕ್ಕೆ ಇಂತಿಷ್ಟೇ ಜನ ಎಂದು ಮಿತಿ ಹಾಕಿ, ಯಾರಾದರೂ ಬಳಸಲಿ ಎಂದು ಬಿಟ್ಟದ್ದು ಮೂರನೆಯದು. ಇದನ್ನು ಫ್ಲೋಟಿಂಗ್ ಲೈಸನ್ಸ್ ಎನ್ನುತ್ತಾರೆ. ಒಂದು ಜಾಗಕ್ಕೆ ಇಡಿಯಾಗಿ ಕೊಡುವುದು ನಾಲ್ಕನೆಯದು.

ನಾಲ್ಕನೆಯ ಬಗೆಗೆ ನಮ್ಮ ನಾಡಿನದೇ ಉದಾಹರಣೆಯಿದೆ. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಶುರುವಾಗಿ ಬೆಂಗಳೂರಿನಲ್ಲಿ ನೆಲೆ ನಿಂತ, ಲೆಕ್ಕ ಬರೆಯುವ ತಂತ್ರಾಂಶದ ಕಂಪನಿ ಟ್ಯಾಲಿ ಸಣ್ಣ ವ್ಯಾಪಾರಿಯನ್ನು ಕಣ್ಣೆದುರಿಟ್ಟುಕೊಂಡು ತನ್ನ ಲೈಸನ್ಸ್ ರೂಪಿಸಿತು. ಸಿಲ್ವರ್ ಎಂದರೆ ಒಬ್ಬರಿಗೆ, ಗೋಲ್ಡ್ ಎಂದರೆ ಒಂದೇ ಲ್ಯಾನ್‌ನಲ್ಲಿ ಎಷ್ಟು ಜನರಿಗಾದರೂ. ಮಧ್ಯದಲ್ಲಿ ಐದಕ್ಕೊಂದು ದರ, ಹತ್ತಕ್ಕೊಂದು ದರ ಎಂಬ ಮೆಟ್ಟಿಲುಗಳಿಲ್ಲ. ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಆವಕ ಏರಿದ ದಿನಗಳಲ್ಲಿ ದಲಾಲಿ ಅಂಗಡಿಯವರು ಇನ್ನೊಬ್ಬ ಗುಮಾಸ್ತರನ್ನು ಕೂರಿಸಿದರೆ ಹೊಸ ಲೈಸನ್ಸಿಗೆ ಓಡಬೇಕಿಲ್ಲ. ಲ್ಯಾನ್‌ನಲ್ಲಿ ಒಂದು ಯಂತ್ರ ಲೈಸನ್ಸ್ ಇಟ್ಟುಕೊಂಡಿರುತ್ತದೆ, ಉಳಿದವು ಅದನ್ನು ಕೇಳಿ ತೆರೆದುಕೊಳ್ಳುತ್ತವೆ. ಆ ಯಂತ್ರ ಆರಿಹೋದರೆ ಉಳಿದವುಗಳಲ್ಲಿ ತಂತ್ರಾಂಶ ಕಲಿಕೆಯ ಮೋಡಿಗೆ ಇಳಿಯುತ್ತದೆ; ಆಗ ತಿಂಗಳ 1, 2 ಮತ್ತು 31ನೇ ತಾರೀಖಿನ ನಮೂದುಗಳಷ್ಟೇ ಸಾಧ್ಯ. ಪೇಟೆಯ ಲೆಕ್ಕ ಆ ಮೂರು ತಾರೀಖಿನಲ್ಲಿ ಮುಗಿಯುವುದಿಲ್ಲವಾದ್ದರಿಂದ, ಲೈಸನ್ಸ್ ಇರುವ ಯಂತ್ರಕ್ಕೆ ಮೊದಲು ಯುಪಿಎಸ್ ಹಾಕಿಸುವುದು ಜಾಣತನ. ಕಲಿಯುವವರಿಗಂತೂ ಇದೇ ಮೋಡ್ ವರವಾಯಿತು. ಎಷ್ಟೋ ಬಿ.ಕಾಂ. ಹುಡುಗರು ಟ್ಯಾಲಿ ಕಲಿತದ್ದು ಒಂದು ರೂಪಾಯಿಯ ಲೈಸನ್ಸೂ ಇಲ್ಲದೆ, ಎಲ್ಲ ವ್ಯವಹಾರಗಳನ್ನೂ ಒಂದನೇ ತಾರೀಖಿಗೆ ಬರೆದು.

ಎಂಜಿನಿಯರಿಂಗ್ ಕಾಲೇಜಿನ, ಪಾಲಿಟೆಕ್ನಿಕ್‌ನ ಕತೆ ಬೇರೆ. ಅಲ್ಲಿ ಬೇಕಾಗುವ ವಿನ್ಯಾಸ, ವಿಶ್ಲೇಷಣೆಯ ದುಬಾರಿ ತಂತ್ರಾಂಶಗಳು ಬಹುಪಾಲು ಫ್ಲೋಟಿಂಗ್ ಬಗೆಯವು. ಇದರ ಕೆಲಸ ಗೊತ್ತಿಲ್ಲದೆ ಆಡಳಿತ ಮಂಡಳಿಯವರು ಖರೀದಿಗೆ ಒಪ್ಪಿಗೆ ಕೊಡುತ್ತಾರಾದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು. 1988ರ ಹೊತ್ತಿಗೆ ಬಂದ ಫ್ಲೆಕ್ಸ್‌ಎಲ್‌ಎಂ, ಈಗಿನ ಹೆಸರಿನಲ್ಲಿ ಫ್ಲೆಕ್ಸ್‌ನೆಟ್, ಈ ಕ್ಷೇತ್ರದಲ್ಲಿ ಬಹುಮಟ್ಟಿಗೆ ಎಲ್ಲರೂ ಅನುಸರಿಸುವ ಮಾದರಿ. ಕಾಲೇಜಿನ ಒಂದು ಕಂಪ್ಯೂಟರಿನಲ್ಲಿ ಲೈಸನ್ಸ್ ಸರ್ವರ್ ಕೂತಿರುತ್ತದೆ. ಕಂಪನಿ ಕೊಟ್ಟ ಲೈಸನ್ಸ್ ಫೈಲು ಆ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿನ ಸಂಖ್ಯೆಗೆ ಕಟ್ಟುಬಿದ್ದಿರುತ್ತದೆ. ವಿದ್ಯಾರ್ಥಿ ತಂತ್ರಾಂಶ ತೆರೆದಾಗ ಅವಳ ಯಂತ್ರ ಸರ್ವರಿನಲ್ಲಿ ಒಂದು ಸೀಟು, ಅಂದರೆ ಒಬ್ಬರು ಬಳಸುವಷ್ಟು ಲೈಸನ್ಸ್, ಕೇಳುತ್ತದೆ, ಮುಚ್ಚಿದಾಗ ಹಿಂದಿರುಗಿಸುತ್ತದೆ. ಮದರ್‌ಬೋರ್ಡ್ ಸುಟ್ಟರೆ ಹೊಸ ಸಂಖ್ಯೆಗೆ ಹೊಸ ಫೈಲು ತರಿಸಬೇಕು, ಅದು ಬರುವವರೆಗೆ ಇಡೀ ಲ್ಯಾಬು ಖಾಲಿ.

ಆ ಸರ್ವರಿನ ಪಕ್ಕದಲ್ಲೇ ಆಯ್ಕೆಗಳ ಫೈಲು ಎಂಬ ಸಣ್ಣ ಪಠ್ಯ ಕಡತ ಇರುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದರೆ ಹತ್ತು ಹನ್ನೆರಡು ಸಾಲು. ‘ಗ್ರೂಪ್’ ಎಂದು ಶುರುವಾಗುವ ಸಾಲಿನಲ್ಲಿ ಬಳಕೆದಾರರ ಗುಂಪು ಕಟ್ಟಬಹುದು: ಮೂರನೇ ವರ್ಷದ ಮೆಕ್ಯಾನಿಕಲ್, ಸಿವಿಲ್, ಅಧ್ಯಾಪಕರು. ‘ರಿಸರ್ವ್’ ಎಂದು ಬರೆದು ಒಂದು ಗುಂಪಿಗೆ ಮೂರು ಸೀಟು ಕಾದಿರಿಸಬಹುದು. ‘ಮ್ಯಾಕ್ಸ್’ ಎಂದರೆ ಆ ಗುಂಪಿಗೆ ಇದಕ್ಕಿಂತ ಹೆಚ್ಚು ಕೊಡಬೇಡ ಎಂದು. ‘ಎಕ್ಸ್‌ಕ್ಲೂಡ್’ ಎಂದರೆ ಹೊರಗಿಡು. ‘ಟೈಮೌಟ್’ ಎಂದರೆ ಕೈಯಾಡಿಸದೆ ಬಿಟ್ಟ ಸೀಟನ್ನು ಇಂತಿಷ್ಟು ಹೊತ್ತಿನ ಮೇಲೆ ಹಿಂದಕ್ಕೆ ತೆಗೆದುಕೊ. ಸಾಮಾನ್ಯವಾಗಿ ಇದನ್ನು 15 ನಿಮಿಷಕ್ಕಿಂತ ಕೆಳಗೆ ಇಳಿಸಲು ಬರುವುದಿಲ್ಲ. ಕಾಲೇಜಿನ ಯಾವ ಸಭೆಯ ನಡಾವಳಿಯಲ್ಲೂ ಈ ಸಾಲುಗಳು ಬರುವುದಿಲ್ಲ. ಆದರೆ ವರ್ಷವಿಡೀ ಯಾರು ಕಲಿಯುತ್ತಾರೆ, ಯಾರು ನಿಂತು ನೋಡುತ್ತಾರೆ ಎಂಬುದನ್ನು ನಿರ್ಧರಿಸುವುದು ಅವೇ. ಕಾದಿರಿಸಿದ ಸೀಟಿನ ಗುಣ ಎಷ್ಟು ಜನಕ್ಕೆ ಗೊತ್ತು? ಆ ಗುಂಪಿನವರು ಯಾರೂ ಬರದಿದ್ದರೂ ಅದು ಬೇರೆಯವರಿಗೆ ಸಿಗದು. ಹತ್ತರಲ್ಲಿ ಮೂರನ್ನು ಅಧ್ಯಾಪಕರಿಗೆಂದು ಕಾದಿರಿಸಿ, ಅಧ್ಯಾಪಕರು ವಾರಕ್ಕೊಮ್ಮೆ ತೆರೆದರೆ ಕಾಲೇಜು ಕೊಂಡದ್ದು ವಾಸ್ತವದಲ್ಲಿ ಏಳೇ ಸೀಟು. ಆದ್ದರಿಂದ ಕಾದಿರಿಸುವುದಕ್ಕಿಂತ ಮಿತಿ ಹಾಕುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಮಿತಿ ದುರಾಸೆಯನ್ನಷ್ಟೇ ತಡೆಯುತ್ತದೆ, ಕಾದಿರಿಸಿದ ಸೀಟು ಬೇಕಾದವರಿದ್ದರೂ ಖಾಲಿ ಕೂರುತ್ತದೆ. ಪರೀಕ್ಷೆಯ ವಾರ ಮಾತ್ರ ಇದಕ್ಕೆ ಹೊರತು.

ನಮ್ಮ ಕಡೆಯ ಇನ್ನೊಂದು ತೊಂದರೆ ವಿದ್ಯುತ್ತಿನದು. ಕರೆಂಟು ಹೋಗಿ ವಿದ್ಯಾರ್ಥಿಯ ಯಂತ್ರ ತಟ್ಟನೆ ಆರಿದರೆ ಸೀಟು ಹಿಂದಿರುಗಿಸಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಸರ್ವರಿಗೆ ಯುಪಿಎಸ್ ಇದ್ದು ಲ್ಯಾಬಿಗೆ ಇಲ್ಲದಿದ್ದರೆ ಸರ್ವರಿನ ಲೆಕ್ಕದಲ್ಲಿ ಸೀಟುಗಳು ಕೆಲ ಹೊತ್ತು ಬಳಕೆಯಲ್ಲೇ ಇರಬಹುದು. ಕರೆಂಟು ಬಂದ ಮೇಲೆ ಮಕ್ಕಳು ಮತ್ತೆ ತೆರೆದರೆ ಸೀಟು ಇಲ್ಲ ಎಂಬ ಉತ್ತರ. ಲ್ಯಾಬ್ ನೋಡಿಕೊಳ್ಳುವವರಿಗೆ ಸ್ಥಿತಿ ನೋಡುವ ಆದೇಶವೂ ಸಿಕ್ಕಿಕೊಂಡ ಸೀಟನ್ನು ಬಿಡಿಸುವ ಆದೇಶವೂ ಗೊತ್ತಿದ್ದರೆ ಎರಡು ನಿಮಿಷದ ಕೆಲಸ. ಗೊತ್ತಿಲ್ಲದಿದ್ದರೆ ಆ ದಿನದ ಪ್ರಾಕ್ಟಿಕಲ್ ಹೋದಂತೆಯೇ. ಬೇರೆ ಊರುಗಳಿಗಾಗಿ ಬರೆದ ಕೈಪಿಡಿಗಳಲ್ಲಿ ಇದು ಅಪರೂಪದ ಅವಘಡವೆಂಬಂತೆ ಒಂದು ಸಾಲಿನಲ್ಲಿ ಮುಗಿದಿರುತ್ತದೆ.

ಸಣ್ಣ ಸಂಸ್ಥೆಯನ್ನು ಬಾಗಿಲಲ್ಲೇ ತಡೆಯುವ ನಿಯಮಗಳೂ ಇವೆ. ವಿಂಡೋಸ್‌ನ ಸಾಮೂಹಿಕ ಲೈಸನ್ಸಿಗೆ ಬಳಸುವ ಕೆಎಂಎಸ್ ಸರ್ವರ್ ಜಾಲದಲ್ಲಿ ಕನಿಷ್ಠ 25 ಯಂತ್ರಗಳು ಕೇಳುವವರೆಗೆ ಯಾವುದನ್ನೂ ಸಕ್ರಿಯಗೊಳಿಸುವುದಿಲ್ಲ. ಆಫೀಸ್ ತಂತ್ರಾಂಶಕ್ಕೆ ಆ ಮಿತಿ 5. ಒಮ್ಮೆ ಸಕ್ರಿಯಗೊಂಡ ಯಂತ್ರ 180 ದಿನದೊಳಗೆ ಮತ್ತೆ ಸರ್ವರನ್ನು ಕಾಣಬೇಕು. ಇಪ್ಪತ್ತು ಯಂತ್ರಗಳ ಲ್ಯಾಬಿಗೆ ವಿಂಡೋಸ್ ಮಟ್ಟಿಗೆ ಈ ದಾರಿ ಮುಚ್ಚಿದೆ, ಒಂದೊಂದನ್ನೂ ಬೇರೆಯಾಗಿ ಸಕ್ರಿಯಗೊಳಿಸುತ್ತ ಕೂರಬೇಕು. ಹತ್ತಿರದ ಮೂರು ಶಾಲೆಗಳು ಒಂದೇ ಜಾಲದಲ್ಲಿದ್ದರೆ ಈ ಪ್ರಶ್ನೆಯೇ ಹುಟ್ಟದು.

ಕೂಡಿಕೊಂಡರೆ ಎಷ್ಟು ಲಾಭ ಎಂಬುದನ್ನು ಅಂದಾಜಿಗೆ ಬಿಡಬೇಕಿಲ್ಲ. ನೂರು ವರ್ಷದ ಹಿಂದೆ ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞ ಇಂಥದೇ ಪ್ರಶ್ನೆಗೆ ಸೂತ್ರ ಕೊಟ್ಟಿದ್ದಾನೆ, 1917ರಲ್ಲಿ. ಇಷ್ಟು ಜನ ಇಷ್ಟು ಹೊತ್ತು ಮಾತಾಡುತ್ತಾರೆಂದರೆ ಎಷ್ಟು ತಂತಿ ಬೇಕು ಎಂಬುದು ಅವನ ಪ್ರಶ್ನೆ. ತಂತಿಯ ಜಾಗದಲ್ಲಿ ಸೀಟು ಇಟ್ಟರೆ ಲೆಕ್ಕ ಅದೇ. ಒಂದು ಕಾಲೇಜಿನಲ್ಲಿ ಸರಾಸರಿ 2 ಸೀಟಿನಷ್ಟು ಬೇಡಿಕೆ ಇದೆಯೆನ್ನಿ. ಅಲ್ಲಿ 5 ಸೀಟು ಇಟ್ಟರೆ ನೂರು ಸಲ ಕೇಳಿದಾಗ ನಾಲ್ಕಕ್ಕಿಂತ ಕಡಿಮೆ ಸಲ ‘ಇಲ್ಲ’ ಎನ್ನಬೇಕಾಗುತ್ತದೆ. ಇಂಥ ಐದು ಕಾಲೇಜುಗಳು ಬೇರೆ ಬೇರೆಯಾಗಿ ಕೊಂಡರೆ ಒಟ್ಟು 25 ಸೀಟು. ಅವೇ ಐದು ಕಾಲೇಜುಗಳು ಸೀಟುಗಳ ಒಂದೇ ಕೊಳದಿಂದ ಪಡೆದರೆ ಒಟ್ಟು ಬೇಡಿಕೆ 10, ಅಷ್ಟೇ ಸೌಲಭ್ಯಕ್ಕೆ ಬೇಕಾದದ್ದು 15 ಸೀಟು. ಹತ್ತು ಸೀಟಿನ ಹಣ ಉಳಿಯಿತು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ಹಾವೇರಿ ಎಂದು ಬೇಕಿದ್ದರೆ ಹೆಸರಿಟ್ಟು ಓದಿಕೊಳ್ಳಬಹುದು.

ಆದರೆ ಈ ಲೆಕ್ಕ ನಿಲ್ಲುವುದು ಜನ ಬೇರೆ ಬೇರೆ ಹೊತ್ತಿಗೆ ಬಂದರೆ ಮಾತ್ರ. ಲ್ಯಾಬಿನಲ್ಲಿ ಮೂವತ್ತು ಜನ ಹನ್ನೊಂದು ಗಂಟೆಗೆ ಸರಿಯಾಗಿ ಒಟ್ಟಿಗೆ ಐಕಾನ್ ಒತ್ತುತ್ತಾರೆ. ಐದೂ ಕಾಲೇಜಿನಲ್ಲಿ ಸೋಮವಾರ ಹನ್ನೊಂದಕ್ಕೇ ಅದೇ ಪ್ರಾಕ್ಟಿಕಲ್ ಇದ್ದರೆ ಕೊಳ ಎಷ್ಟು ದೊಡ್ಡದಿದ್ದರೂ ಸಾಲದು. ಹಾಗಾಗಿ ಹಂಚಿಕೆಯ ನಿಜವಾದ ಸಾಧನ ಸರ್ವರ್ ಅಲ್ಲ, ವೇಳಾಪಟ್ಟಿ. ಒಂದು ಕಾಲೇಜಿಗೆ ಸೋಮವಾರ, ಇನ್ನೊಂದಕ್ಕೆ ಮಂಗಳವಾರ ಎಂದು ಕೂತು ಮಾತಾಡಿ ಗೊತ್ತುಮಾಡಿದರೆ ಆಯಿತು. ಒಂದೇ ಕಾಲೇಜಿನೊಳಗೆ ಮೆಕ್ಯಾನಿಕಲ್‌ನವರೂ ಸಿವಿಲ್‌ನವರೂ ಹೀಗೆ ದಿನ ಹಂಚಿಕೊಂಡರೂ ಸಾಕಷ್ಟು ಹಗುರವಾಗುತ್ತದೆ. ಅದಕ್ಕೆ ವಿಭಾಗದ ಮುಖ್ಯಸ್ಥರಿಬ್ಬರು ಒಂದು ಟೇಬಲ್ಲಿನಲ್ಲಿ ಕೂರಬೇಕು, ಹೊಸ ಖರ್ಚು ಏನೂ ಇಲ್ಲ.

ಕಂಪನಿಗಳಿಗೂ ಈ ಲೆಕ್ಕ ಗೊತ್ತು. ಹತ್ತು ಸೀಟನ್ನು ಮೂವತ್ತು ಜನ ಚೆನ್ನಾಗಿ ಹಂಚಿಕೊಂಡರೆ ಇಪ್ಪತ್ತು ಸೀಟು ಮಾರಾಟವಾಗುವುದಿಲ್ಲ. ವಿನ್ಯಾಸ ತಂತ್ರಾಂಶದ ಕಂಪನಿ ಆಟೋಡೆಸ್ಕ್ 2020ರ ಆಗಸ್ಟ್ 7ರಿಂದ ಹಲವರು ಹಂಚಿಕೊಳ್ಳುವ ಹೊಸ ಚಂದಾಗಳ ವಾಣಿಜ್ಯ ಮಾರಾಟ ನಿಲ್ಲಿಸಿ ಹೆಸರಿಟ್ಟ ವ್ಯಕ್ತಿಗೇ ಲೈಸನ್ಸ್ ಎಂಬ ಪದ್ಧತಿಗೆ ಹೋಯಿತು. ಹಳೆಯ ಒಂದು ಹಂಚಿಕೆಯ ಚಂದಾಕ್ಕೆ ಎರಡು ಹೆಸರಿನ ಚಂದಾ ಎಂಬ ವಿನಿಮಯ ಕೊಟ್ಟಿತು. ಮೂರು ಪಾಳಿಯಲ್ಲಿ ಮೂವರು ಒಂದೇ ಸೀಟು ಬಳಸುತ್ತಿದ್ದ ಹುಬ್ಬಳ್ಳಿಯ ಸಣ್ಣ ವರ್ಕ್‌ಶಾಪಿಗೆ ಎರಡು ಸಿಕ್ಕರೂ ಒಂದು ಕಡಿಮೆಯೇ. ಅಲ್ಲದೆ ಹೆಸರಿನ ಪದ್ಧತಿಯಲ್ಲಿ ಪ್ರತಿಯೊಬ್ಬರಿಗೂ ಇಮೇಲ್ ಬೇಕು, ಆಗಾಗ ಇಂಟರ್ನೆಟ್ಟಿನಲ್ಲಿ ಲಾಗಿನ್ ಆಗಬೇಕು, ಯಾರು ಎಷ್ಟು ಹೊತ್ತು ಬಳಸಿದರು ಎಂಬ ವಿವರ ಕಂಪನಿಯ ಕಡೆ ಕೂಡಿಬೀಳುತ್ತದೆ. ಹೈಸ್ಕೂಲಿನ ಮಕ್ಕಳ ವಿಷಯದಲ್ಲಿ ಇದನ್ನು ನಾನು ಒಪ್ಪಲಾರೆ.

ಹಾಗೆಂದು ಹೆಸರಿನ ಲೈಸನ್ಸ್ ಎಲ್ಲ ಕಡೆಯೂ ಕೆಟ್ಟದ್ದಲ್ಲ. ಗ್ರಂಥಾಲಯದ ಅನುಭವ ವರ್ಕ್‌ಶಾಪಿನ ಅನುಭವಕ್ಕೆ ತೀರ ವಿರುದ್ಧವಾಗಿದೆ, ಈ ಸಮೀಕ್ಷೆಯಲ್ಲಿ ನನಗೆ ಹೆಚ್ಚು ಭರವಸೆ ಕೊಡುವ ಭಾಗವೂ ಅದೇ. ದುಬಾರಿ ಸಂಶೋಧನಾ ಪತ್ರಿಕೆಗಳನ್ನು ಒಂದೊಂದು ಕಾಲೇಜು ಒಂಟಿಯಾಗಿ ತರಿಸುವುದು ಆಗದ ಮಾತು ಎಂದು ಮೊದಲೇ ಅರಿತದ್ದು ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. 2003ರಲ್ಲಿ ಅದು ಹೆಲಿನೆಟ್ ಎಂಬ ಒಕ್ಕೂಟ ಕಟ್ಟಿ, ತನಗೆ ಸೇರಿದ ಕಾಲೇಜುಗಳ ಪರವಾಗಿ ಪ್ರಕಾಶಕರ ಜೊತೆ ತಾನೇ ಮಾತಾಡಿತು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ತನ್ನ ಕಾಲೇಜುಗಳಿಗೆ ಇಂಥ ಒಕ್ಕೂಟ ಮಾಡಿಕೊಂಡಿತು. ಸಾಮಾನ್ಯ ಪದವಿ ಕಾಲೇಜುಗಳಿಗೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ 2010ರಿಂದ ಎನ್‌–ಲಿಸ್ಟ್ ನಡೆಸುತ್ತಿದೆ: ಆರು ಸಾವಿರಕ್ಕೂ ಹೆಚ್ಚು ಪತ್ರಿಕೆಗಳು, ಲಕ್ಷಗಟ್ಟಲೆ ಇ–ಪುಸ್ತಕಗಳು. ಕೇಂದ್ರ ಸಂಪುಟ 2024ರ ನವೆಂಬರ್ 25ರಂದು ಒಪ್ಪಿದ ‘ಒಂದು ದೇಶ, ಒಂದು ಚಂದಾ’ ಯೋಜನೆ ಇದನ್ನೇ ದೇಶದ ಮಟ್ಟಕ್ಕೆ ಒಯ್ಯಿತು. ಮೂರು ವರ್ಷಕ್ಕೆ ₹6,000 ಕೋಟಿ, 30 ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು, 6,300ಕ್ಕೂ ಹೆಚ್ಚು ಸಂಸ್ಥೆಗಳು. ಹಣ ದೊಡ್ಡದೇ. ಆದರೆ ಒಬ್ಬೊಬ್ಬ ಗ್ರಂಥಪಾಲಕರು ಬೇರೆ ಬೇರೆಯಾಗಿ ಚೌಕಾಶಿ ಮಾಡಿ ಸೋಲುವುದಕ್ಕಿಂತ ದೇಶವೇ ಒಟ್ಟಾಗಿ ಮಾತಾಡುವುದು ಎಷ್ಟೋ ವಾಸಿ.

ಇಲ್ಲಿ ಎರಡು ಬಗೆಯ ಪ್ರವೇಶವಿದೆ, ವ್ಯತ್ಯಾಸ ತಿಳಿದಿರಬೇಕು. ಕ್ಯಾಂಪಸ್ಸಿನ ಐಪಿ ವಿಳಾಸ ನೋಡಿ ಬಾಗಿಲು ತೆರೆಯುವುದು ಒಂದು. ಸಂಜೆ ಊರಿಗೆ ಮರಳಿದ ವಿದ್ಯಾರ್ಥಿಗೆ ಅದು ತೆರೆಯದು. ಎನ್‌–ಲಿಸ್ಟ್‌ನಲ್ಲಿ ಕಾಲೇಜಿನ ಗ್ರಂಥಪಾಲಕರು ಒಬ್ಬೊಬ್ಬರಿಗೂ ಬೇರೆ ಬಳಕೆದಾರ ಹೆಸರು ಮಾಡಿಸಿಕೊಡುತ್ತಾರೆ. ಹಿರೇಬೆಂಡಿಗೇರಿಯ ಮನೆಯಲ್ಲಿ ಕೂತು ಫೋನಿನಲ್ಲೇ ಓದಬಹುದು. ಬಸ್ಸಿನ ವೇಳೆಗೆ ಕಟ್ಟುಬಿದ್ದ ಹಳ್ಳಿಯ ಮಕ್ಕಳಿಗೆ ಈ ಎರಡನೆಯದೇ ನಿಜವಾದ ಪಾಲು. ಕಾಲೇಜು ಸದಸ್ಯತ್ವ ಪಡೆದೂ ವಿದ್ಯಾರ್ಥಿಗಳಿಗೆ ಹೆಸರು ಮಾಡಿಸದೆ ಬಿಟ್ಟಿದ್ದರೆ ಆ ಚಂದಾ ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್ ಸಮಿತಿಗೆ ತೋರಿಸುವ ಕಾಗದವಾಗಿ ಉಳಿಯುತ್ತದೆ. ವರ್ಷದ ಮೊದಲ ವಾರದಲ್ಲಿ ಗ್ರಂಥಪಾಲಕರನ್ನು ಕಂಡು ‘ಸರ್, ನನ್ನ ಎನ್‌–ಲಿಸ್ಟ್ ಐಡಿ ಮಾಡಿಸಿಕೊಡ್ರಿ’ ಎಂದು ಕೇಳಿ ಪಡೆಯಬೇಕೆಂದು ನಾನು ಪ್ರತಿ ವಿದ್ಯಾರ್ಥಿಗೂ ಹೇಳುತ್ತೇನೆ.

ಎಣಿಕೆಯೇ ಇಲ್ಲದ ದಾರಿ ಇನ್ನೊಂದು. ಕೇರಳ ತನ್ನ ಶಾಲೆಗಳನ್ನು ಬಹಳ ಹಿಂದೆಯೇ ಪೂರ್ತಿಯಾಗಿ ಮುಕ್ತ ತಂತ್ರಾಂಶವಾದ ಗ್ನು–ಲಿನಕ್ಸ್‌ಗೆ ತಂದಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಅದೇ ವ್ಯವಸ್ಥೆ. ಅವರಿಗೆ ಕಂಪ್ಯೂಟರ್ ಕಲಿಸುವ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೇ ಇದೆ, ಪುಸ್ತಕದಲ್ಲಿ ಬರುವ ಲಿಬ್ರೆಆಫೀಸ್, ಜಿಂಪ್, ಇಂಕ್‌ಸ್ಕೇಪ್ ಲ್ಯಾಬಿನ ಪ್ರತಿ ಯಂತ್ರದಲ್ಲೂ ಇರುತ್ತವೆ, ಮನೆಯ ಯಂತ್ರಕ್ಕೂ ಹಾಕಿಕೊಳ್ಳಬಹುದು. ಕನ್ನಡದ ಮಕ್ಕಳಲ್ಲಿ ಹನ್ನೊಂದನೆಯವಳು ಎಂಬ ಮಾತೇ ಇಲ್ಲದ ಲ್ಯಾಬುಗಳು ಗಡಿಯಾಚೆ ಇವೆ. ಇದರಿಂದ ₹3,000 ಕೋಟಿ ಉಳಿಯಿತೆಂದು ಅಲ್ಲಿನ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಕೈಟ್ ಸಂಸ್ಥೆ ಹೇಳಿಕೊಂಡಿದೆ. ಎರಡು ಲಕ್ಷ ಕಂಪ್ಯೂಟರಿಗೆ ತಲಾ ₹1.5 ಲಕ್ಷದ ಲೈಸನ್ಸ್ ಎಂಬ ಗುಣಾಕಾರ ಅದು. ನನಗೆ ಆ ಅಂಕಿ ಹಿಗ್ಗಿಸಿದಂತೆ ಕಾಣುತ್ತದೆ. ಶಾಲೆಗೆ ಯಾರೂ ಪೂರ್ತಿ ದರದಲ್ಲಿ ಮಾರುವುದಿಲ್ಲ, ಶೈಕ್ಷಣಿಕ ರಿಯಾಯಿತಿ ದೊಡ್ಡದಿರುತ್ತದೆ. ಅಂಕಿ ಇಳಿಸಿದರೂ ವಾದ ಉಳಿಯುತ್ತದೆ. ಉಳಿದ ಹಣಕ್ಕಿಂತ, ಯಾರನ್ನೂ ಕೇಳದೆ ಹಾಕಿಕೊಳ್ಳುವ ಸ್ವಾತಂತ್ರ್ಯ ದೊಡ್ಡದು.

ಕರ್ನಾಟಕದ ಶಾಲಾ ಲ್ಯಾಬುಗಳು ಬಹುಪಾಲು ಬೇರೆ ದಾರಿ ಹಿಡಿದವು. ಐಸಿಟಿ ಯೋಜನೆಯ ಹಂತಗಳಲ್ಲಿ ಖಾಸಗಿಯವರು ಲ್ಯಾಬು ಕಟ್ಟಿ, ಐದು ವರ್ಷ ನಡೆಸಿ, ಆಮೇಲೆ ಶಾಲೆಗೆ ಒಪ್ಪಿಸಿ ಹೋಗುವ ಪದ್ಧತಿ ಇತ್ತು. ಯಂತ್ರ ಒಪ್ಪಿಸಿದಾಗ ಲೈಸನ್ಸ್ ಯಾರ ಹೆಸರಿನಲ್ಲಿತ್ತು, ಅದರ ಕಾಗದ ಮುಖ್ಯೋಪಾಧ್ಯಾಯರ ಕೈಗೆ ಬಂತೇ ಎಂಬುದನ್ನು ಶಾಲೆಗಳು ಕೇಳಬೇಕಿತ್ತು. 2016ರಿಂದ ನಡೆದ ತಂತ್ರಜ್ಞಾನ ನೆರವಿನ ಕಲಿಕಾ ಕಾರ್ಯಕ್ರಮದಲ್ಲಿ ಶಿಕ್ಷಕರಿಗೆ ಉಬುಂಟು ಮತ್ತು ಮುಕ್ತ ತಂತ್ರಾಂಶಗಳ ತರಬೇತಿ ಸಿಕ್ಕಿತು. ಅದು ಒಳ್ಳೆಯ ತಿರುವು. ತರಬೇತಿ ಪಡೆದ ಶಿಕ್ಷಕರು ವರ್ಗವಾಗಿ ಹೋದ ಶಾಲೆಯಲ್ಲಿ ಅದು ಉಳಿಯಲಿಲ್ಲ ಎಂಬುದೂ ಅಷ್ಟೇ ನಿಜ. ಕೇರಳದಲ್ಲಿ ತಂತ್ರಾಂಶದ ಜೊತೆ ಪಠ್ಯವೂ ಪರೀಕ್ಷೆಯೂ ಬಂದವು, ನಮ್ಮಲ್ಲಿ ತರಬೇತಿಯಷ್ಟೇ ಬಂತು.

ಕಾಲೇಜಿನ ಮಟ್ಟದಲ್ಲಿ ಐಐಟಿ ಬಾಂಬೆಯ ಫಾಸಿ ಯೋಜನೆ ಸೈಲ್ಯಾಬ್‌ನಂಥ ಮುಕ್ತ ತಂತ್ರಾಂಶಗಳಿಗೆ ಪಠ್ಯಪುಸ್ತಕದ ಉದಾಹರಣೆಗಳನ್ನೆಲ್ಲ ಬರೆಸಿ ಇಟ್ಟಿದೆ. ಅಲ್ಲಿನದೇ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡದ ಧ್ವನಿಯಿರುವ ಪಾಠಗಳೂ ಇವೆ. ಶಿಗ್ಗಾವಿ ತಾಲೂಕಿನಲ್ಲೇ ಇರುವ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಂಥ ಕಡೆ ಹಾಡು, ಕತೆ ದಾಖಲಿಸಿ ತಿದ್ದುವ ಕೆಲಸಕ್ಕೆ ಅಡಾಸಿಟಿ ಧಾರಾಳವಾಗಿ ಸಾಕು. ಗ್ರಂಥಾಲಯಕ್ಕೆ ಕೋಹಾ ಇದೆ, ಎನ್‌ಐಸಿಯ ಇ–ಗ್ರಂಥಾಲಯ ಇದೆ. ಆದರೆ ಎಲ್ಲದಕ್ಕೂ ಮುಕ್ತ ತಂತ್ರಾಂಶವೇ ಎಂದು ಹಟ ಹಿಡಿಯುವವರ ಜೊತೆ ನಾನಿಲ್ಲ. ಕೆಲಸಕ್ಕೆ ಸೇರುವ ಕಂಪನಿಯಲ್ಲಿ ಒಂದು ನಿರ್ದಿಷ್ಟ ವಿನ್ಯಾಸ ತಂತ್ರಾಂಶವೇ ನಡೆಯುತ್ತದೆಂದರೆ ಹಳ್ಳಿಯಿಂದ ಬಂದ ವಿದ್ಯಾರ್ಥಿಗೆ ಅದರ ಪರಿಚಯ ಕಾಲೇಜಿನಲ್ಲೇ ಆಗಬೇಕು. ನಗರದವರು ಹೇಗೋ ಕಲಿತುಕೊಳ್ಳುತ್ತಾರೆ. ಮೊದಲೆರಡು ವರ್ಷ ಮುಕ್ತ ತಂತ್ರಾಂಶದಲ್ಲಿ ಕಲಿಸಿ, ಎಣಿಕೆಯ ಸೀಟುಗಳನ್ನು ಕೊನೆಯ ವರ್ಷದವರಿಗೆ ಬಿಟ್ಟರೆ ಹತ್ತೇ ಸೀಟಿನಲ್ಲಿ ದೊಡ್ಡ ಕೆಲಸವಾಗುತ್ತದೆ.

ಕೂಡಿಕೊಳ್ಳುವುದು ಈ ಸೀಮೆಗೆ ಹೊಸದೇನಲ್ಲ. ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರಿ ಪತ್ತಿನ ಸಂಘ ಹುಟ್ಟಿತು, ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ. ಆ ಬಗೆಯ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸಂಪುಟ 2022ರ ಜೂನ್ 29ರಂದು ₹2,516 ಕೋಟಿಯ ಯೋಜನೆ ಒಪ್ಪಿತು. 63,000 ಸಂಘಗಳು, ನಬಾರ್ಡ್ ಉಸ್ತುವಾರಿಯಲ್ಲಿ ಒಂದೇ ತಂತ್ರಾಂಶ. ಹಳ್ಳಿಯ ಸಂಘದ ಕಾರ್ಯದರ್ಶಿ ಲೈಸನ್ಸ್ ಕೊಳ್ಳಲು ಅಂಗಡಿ ಅಲೆಯಬೇಕಾಗಿಲ್ಲ, ಎಷ್ಟು ಜನ ಲಾಗಿನ್ ಆಗಬಹುದೆಂದು ಎಣಿಸಬೇಕಾಗಿಲ್ಲ. ಸಾಲ ಕೊಡುವ ಸಂಘಕ್ಕೆ ಸಾಧ್ಯವಾದದ್ದು ವಿದ್ಯೆ ಕೊಡುವ ಕಾಲೇಜಿಗೆ ಏಕೆ ಆಗಬಾರದು?

ಜಿಲ್ಲೆಯ ಪದವಿ ಕಾಲೇಜುಗಳಿಗೆ ಅಂಥ ಕೊಳವನ್ನು ನಡೆಸಬೇಕಾದ್ದು ನ್ಯಾಯವಾಗಿ ಹಾವೇರಿ ವಿಶ್ವವಿದ್ಯಾಲಯ. ಹೊಸದಾಗಿ ಹುಟ್ಟಿದ ಅದರ ಉಳಿವೇ 2025ರಲ್ಲಿ ಸರ್ಕಾರದ ಚರ್ಚೆಗೆ ಬಂದದ್ದು ನೋವಿನ ಸಂಗತಿ. ವಿಶ್ವವಿದ್ಯಾಲಯ ಯಾವ ರೂಪದಲ್ಲಿ ಉಳಿದರೂ, ಧಾರವಾಡದ ವಿಶ್ವವಿದ್ಯಾಲಯಕ್ಕೇ ಮರಳಿ ಸೇರಿದರೂ ಈ ಕೆಲಸ ಬಿಡುವಂತಿಲ್ಲ. ಹೆಲಿನೆಟ್ ನಡೆದದ್ದು ಸೇರಿದ ಕಾಲೇಜುಗಳು ಪಾಲು ಹಾಕಿದ್ದರಿಂದ. ಅದೇ ಮಾದರಿಯಲ್ಲಿ ಕಾಲೇಜಿಗಿಷ್ಟೆಂದು ಪಾಲು ಕೂಡಿಸಿ, ಬಳಕೆಯ ತಿಂಗಳ ವರದಿಯನ್ನು ಎಲ್ಲ ಪ್ರಾಚಾರ್ಯರಿಗೂ ಕಳಿಸಿದರೆ ಯಾರ ಸೀಟು ಖಾಲಿ ಇತ್ತು, ಎಲ್ಲಿ ಮಕ್ಕಳು ನಿಂತು ನೋಡಿದರು ಎಂಬುದು ಎಲ್ಲರಿಗೂ ಕಾಣುತ್ತದೆ. ಸರ್ವರ್ ಈ ಲೆಕ್ಕವನ್ನು ತಾನಾಗಿಯೇ ಬರೆದಿಡುತ್ತದೆ, ಲಾಗ್ ಫೈಲಿನಲ್ಲಿ ‘ಇಲ್ಲ’ ಎಂದ ಪ್ರತಿ ಸಲವೂ ದಾಖಲಾಗಿರುತ್ತದೆ. ಮುಂದಿನ ವರ್ಷ ಎಷ್ಟು ಕೊಳ್ಳಬೇಕೆಂದು ಕೇಳಬೇಕಾದ್ದು ಆ ಫೈಲನ್ನು, ಮಾರಾಟಗಾರರನ್ನಲ್ಲ.

ತಕ್ಷಣ ಸರಿಪಡಿಸಬಹುದಾದ ಇನ್ನೊಂದು ಸಂಗತಿ ಇದೆ. ಸರ್ಕಾರಿ ಅನುದಾನ ಬರುವುದು ತಡವಾಗಿ, ಖರ್ಚು ತೋರಿಸಬೇಕಾದ್ದು ಮಾರ್ಚ್ 31ರೊಳಗೆ. ಹಾಗಾಗಿ ವಾರ್ಷಿಕ ಲೈಸನ್ಸ್‌ಗಳನ್ನು ಮಾರ್ಚಿನ ಕೊನೆಯ ವಾರದಲ್ಲಿ ಕೊಳ್ಳುವುದೇ ವಾಡಿಕೆ. ಕೊಂಡ ದಿನದಿಂದಲೇ ವರ್ಷ ಎಣಿಕೆಯಾಗುತ್ತದೆ. ಪರೀಕ್ಷೆ, ಬೇಸಿಗೆ ರಜೆ, ಪ್ರವೇಶದ ಗಡಿಬಿಡಿ ಮುಗಿದು ಲ್ಯಾಬಿನ ಬಾಗಿಲು ತೆರೆಯುವ ಹೊತ್ತಿಗೆ ಮೂರು ನಾಲ್ಕು ತಿಂಗಳು ಯಾರೂ ಮುಟ್ಟದೆ ಕಳೆದಿರುತ್ತವೆ. ಮರುವರ್ಷ ಮಾರ್ಚಿನಲ್ಲಿ, ಪ್ರಾಜೆಕ್ಟ್ ಕೆಲಸ ಜೋರಾಗಿರುವಾಗ, ಲೈಸನ್ಸ್ ಮುಗಿಯುತ್ತದೆ. ಅವಧಿ ಆಗಸ್ಟ್ 1ರಿಂದ ಆರಂಭ, ಅಥವಾ ಮೊದಲು ಸಕ್ರಿಯಗೊಳಿಸಿದ ದಿನದಿಂದ ಆರಂಭ ಎಂಬ ಒಂದು ಷರತ್ತನ್ನು ಟೆಂಡರ್ ಕರೆಯುವಾಗಲೇ ಸೇರಿಸಬೇಕು. ಖರೀದಿ ಆದೇಶ ಹೊರಟ ಮೇಲೆ ಕೇಳಿದರೆ ಯಾರೂ ಒಪ್ಪುವುದಿಲ್ಲ.